ಕೋಳಿ ರೆಕ್ಕೆಗೆ ಹೊಗೆ ಹಿಡಿಸಿದ ಕಥೆ

ಟೆರೇಸಿನಲ್ಲಿ ಒಂಬತ್ತು ಜನ ಎರಡೂವರೆ ಗಂಟೆಯಿಂದ ಕಾಯ್ತಾ ಇದ್ದರು. ನಮ್ಮ ಟೀಮ್‌ನವರು, ಅವರ ಮನೆಯವರು, ಆರು ವರ್ಷದ ಒಬ್ಬ ಹುಡುಗ. ನಾನು ಮುಚ್ಚಳ ತೆಗೆದೆ. ಒಳಗಿದ್ದ ಕೋಳಿ ರೆಕ್ಕೆಗಳು ಹಳೇ ತೇಗದ ಬಾಗಿಲಿನ ಬಣ್ಣಕ್ಕೆ ತಿರುಗಿದ್ದವು. ಎಲ್ಲರ ಫೋನೂ ಹೊರಗೆ ಬಂತು. ಫೋಟೋ ಆಯ್ತು, ಸ್ಟೇಟಸ್ ಆಯ್ತು. ಆಮೇಲೆ ಕಚ್ಚಿದರು.

ಮೊದಲು ಮಾತಾಡಿದ್ದು ಆ ಹುಡುಗ. "ಅಂಕಲ್, ಇದು ಬಲೂನ್ ಥರ ಇದೆ." ನಿಜಾನೇ. ಚರ್ಮ ಎಳೆದಷ್ಟೂ ಬರ್ತಾ ಇತ್ತು, ಹರೀತಾ ಇರಲಿಲ್ಲ. ಅಷ್ಟರಲ್ಲಿ ಅವನ ಅಮ್ಮ ತಮ್ಮ ಕೈಯಲ್ಲಿದ್ದ ರೆಕ್ಕೆಯನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿದರು. ಚರ್ಮದ ಕೆಳಗೆ ಮಾಂಸ ಗುಲಾಬಿ ಬಣ್ಣ. ಮೂಳೆ ಹತ್ತಿರ ಇನ್ನೂ ಕೆಂಪು. ಮಗನ ಕೈಯಲ್ಲಿದ್ದದ್ದನ್ನು ಮೆತ್ತಗೆ ತೆಗೆದು ಪ್ಲೇಟಿನಲ್ಲಿಟ್ಟರು. ಯಾರೂ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬಿರಿಯಾನಿ ಆರ್ಡರ್ ಆಯ್ತು.

ರೆಕ್ಕೆ ಬೆಂದಿತ್ತೋ ಇಲ್ವೋ ಅನ್ನೋದು ನನಗೇ ಗೊತ್ತಿರಲಿಲ್ಲ. ಅದೇ ಕಾಡಿದ್ದು. ರುಚಿ ಕೆಟ್ಟರೆ ನಕ್ಕು ಸುಮ್ಮನಾಗಬಹುದು. ಆದರೆ ಅರೆಬೆಂದ ಕೋಳಿಯನ್ನು ಒಂದು ಮಗುವಿನ ಕೈಗೆ ಕೊಟ್ಟಿದ್ದೆನಾ? ಎರಡು ದಿನ ಆಫೀಸ್ ಗ್ರೂಪ್‌ನಲ್ಲಿ ಯಾರಾದರೂ ಸಿಕ್ ಲೀವ್ ಹಾಕಿದರಾ ಅಂತ ನೋಡ್ತಾನೇ ಇದ್ದೆ. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಟೆಸ್ಟ್ ಮಾಡದ ಕೋಡನ್ನು ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹಾಕಬಾರದು ಅಂತ ಜೂನಿಯರ್‌ಗಳಿಗೆ ವರ್ಷಪೂರ್ತಿ ಹೇಳೋ ಮನುಷ್ಯ ನಾನು. ಜೀವನದಲ್ಲಿ ಮೊದಲನೇ ಸಲ ಹೊಗೆ ಹಿಡಿಸಿದ ಕೋಳಿಯನ್ನು ಸೀದಾ ಒಂಬತ್ತು ಜನಕ್ಕೆ ಬಡಿಸಿದ್ದೆ.

ಹುಚ್ಚು ಹತ್ತಿದ್ದು ಎಲ್ಲಿ

ಮೂರು ವರ್ಷದ ಹಿಂದೆ ಆರು ತಿಂಗಳ ಆನ್‌ಸೈಟ್ ಕೆಲಸಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ಗೆ ಹೋಗಿದ್ದೆ. ರಾಕೆಟ್ಟುಗಳ ಊರು. ಅಲ್ಲಿಂದ ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆ ಹೋದರೆ ಟೆನೆಸಿ ನದಿ ದಂಡೆಯಲ್ಲಿ ಡಿಕೇಟರ್ ಅನ್ನೋ ಸಣ್ಣ ಊರು ಇದೆ. ರೈಲ್ವೆಯಲ್ಲಿ ಕೆಲಸ ಮಾಡ್ತಿದ್ದ ಬಾಬ್ ಗಿಬ್ಸನ್ ಅನ್ನೋರು 1925ರಲ್ಲಿ ಅಲ್ಲಿ ತಮ್ಮ ಮನೆ ಹಿತ್ತಲಲ್ಲಿ ಗುಂಡಿ ತೋಡಿ, ಹಿಕರಿ ಕಟ್ಟಿಗೆ ಹಾಕಿ ಮಾಂಸ ಬೇಯಿಸಿ ಮಾರೋಕೆ ಶುರು ಮಾಡಿದರಂತೆ. ಅವರ ಹೆಸರಿನ ಹೋಟೆಲ್ ಇವತ್ತಿಗೂ ಇದೆ. ಅಲ್ಲಿನ ವಿಶೇಷ ಅಂದರೆ ಹೊಗೆಯಲ್ಲಿ ಬೆಂದ ಕೋಳಿಯನ್ನು ಮೆಯೋನೀಸ್, ವಿನೆಗರ್, ಕಾಳುಮೆಣಸು ಬೆರೆಸಿದ ಬಿಳಿ ಸಾಸ್‌ನಲ್ಲಿ ಮುಳುಗಿಸಿ ಕೊಡೋದು. ಬಾರ್ಬೆಕ್ಯೂ ಅಂದರೆ ಕೆಂಪು ಸಾಸ್ ಅನ್ನೋ ದೇಶದಲ್ಲಿ ಬಿಳಿ ಸಾಸ್! ಆ ಭಾಗದವರಿಗೆ ಅದೇ ಊರಿನ ಹೆಮ್ಮೆ.

ಒಂದು ಶನಿವಾರ ಒಬ್ಬನೇ ಹೋಗಿ ತಿಂದೆ. ಮೊದಲ ತುತ್ತಿಗೇ ಕಣ್ಣ ಮುಂದೆ ಬಂದದ್ದು ಅಮೆರಿಕ ಅಲ್ಲ. ಕೊಪ್ಪದ ಹತ್ತಿರದ ನಮ್ಮ ಹಳೇ ಮನೆಯ ಅಡುಗೆಮನೆ. ಒಲೆ ಮೇಲೆ ಕಪ್ಪಗೆ ಮಸಿ ಹಿಡಿದ ಅಟ್ಟ.

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅನ್ನೋದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ಒಣಗಬೇಕಾದ್ದೆಲ್ಲ ಒಲೆ ಮೇಲಿನ ಅಟ್ಟದಲ್ಲೇ ಒಣಗಬೇಕು. ಉಪ್ಪಾಗೆ ಹುಳಿ, ಒಣಮೀನು, ಬಿತ್ತನೆಗೆ ಇಟ್ಟ ಸೌತೆಬೀಜ, ಅಪರೂಪಕ್ಕೆ ಉಪ್ಪು ಅರಿಶಿನ ಸವರಿ ಕೋದಿಟ್ಟ ಮಾಂಸ. ಅದಕ್ಕೆ ಯಾರೂ 'ಸ್ಮೋಕಿಂಗ್' ಅನ್ನೋ ಹೆಸರಿಟ್ಟಿರಲಿಲ್ಲ. ಕೆಡಬಾರದು, ಅಷ್ಟೇ ಲೆಕ್ಕ. ಹೊಗೆ ನೀರನ್ನು ಎಳೀತದೆ. ಕಟ್ಟಿಗೆಯ ಲಿಗ್ನಿನ್ ಬೆಂದು ಬರೋ ಫೀನಾಲ್‌ಗಳು ಸೂಕ್ಷ್ಮಜೀವಿಗಳನ್ನು ತಡೀತವೆ, ಹುಳ ಹತ್ತಿರ ಸುಳಿಯಲ್ಲ. ಹೊಗೆಯ ಘಮಕ್ಕೆ ಮುಖ್ಯ ಕಾರಣ ಆಗಿರೋ ಗ್ವಾಯಕಾಲ್, ಸಿರಿಂಗಾಲ್ ಕೂಡ ಅದೇ ಫೀನಾಲ್ ಗುಂಪಿನವು. ಅಂದರೆ ಡಿಕೇಟರ್‌ನ ಹಿಕರಿಯೂ ನಮ್ಮನೆ ಒಲೆಯ ಸೌದೆಯೂ ಹತ್ತಿರದ ನೆಂಟರು. ಮೀನುಸಾರಿಗೆ ಹಾಕೋ ಉಪ್ಪಾಗೆಯಲ್ಲಿ ಒಂಚೂರು ಹೊಗೆಯ ವಾಸನೆ ಇರ್ತದಲ್ಲ, ಅದು ಬರೋದೂ ಅಲ್ಲಿಂದಲೇ.

ವಾಪಸ್ ಬಂದ ಮೇಲೆ, ಕೆನಡಾಕ್ಕೆ ಹೊರಟಿದ್ದ ಒಬ್ಬರು ಅಪಾರ್ಟ್‌ಮೆಂಟ್ ಗ್ರೂಪ್‌ನಲ್ಲಿ ಹಳೇ ಕೆಟಲ್ ಗ್ರಿಲ್ ಮಾರ್ತೀನಿ ಅಂದರು. 4,500 ರೂಪಾಯಿ. ದುಂಡಗಿನ ಕಬ್ಬಿಣದ ಹೊಟ್ಟೆ, ಮೇಲೊಂದು ಗುಮ್ಮಟದ ಮುಚ್ಚಳ, ಮೂರು ಕಾಲು. ಈ ಆಕಾರ ಮೊದಲು ಮಾಡಿದ್ದು ಷಿಕಾಗೋ ಕಡೆಯ ಜಾರ್ಜ್ ಸ್ಟೀಫನ್, 1952ರಲ್ಲಿ. ಅವರು ಕೆಲಸ ಮಾಡ್ತಿದ್ದ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್‌ನಲ್ಲಿ ನೀರಿನ ಮೇಲೆ ತೇಲೋ ಬಾಯ್‌ಗಳನ್ನು ತಯಾರಿಸ್ತಿದ್ದರು. ಅಂಥದ್ದೊಂದನ್ನು ಅಡ್ಡಕ್ಕೆ ಕತ್ತರಿಸಿದರೆ ಗಾಳಿಮಳೆಗೆ ಆರದ ಒಲೆ ಆಗ್ತದೆ ಅಂತ ಅವರಿಗೆ ಹೊಳೆಯಿತು. ನನ್ನದು ಅದರ ಯಾವುದೋ ದೂರದ ನಕಲು.

ವಿಡಿಯೋ ಕಾಲ್‌ನಲ್ಲಿ ಅಮ್ಮ

ಬಲೂನ್ ಪ್ರಕರಣ ಆದ ವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ಟೆರೇಸಿನಲ್ಲಿ ಖಾಲಿ ಗ್ರಿಲ್ ಉರಿಸಿ ತೋರಿಸ್ತಾ ಇದ್ದೆ. ಮುಚ್ಚಳದ ತೂತಿನಿಂದ ಬೆಳ್ಳಗೆ ದಪ್ಪ ಹೊಗೆ ಉಕ್ಕಿ ಬರ್ತಾ ಇತ್ತು. ನೋಡು ಎಷ್ಟು ಚೆನ್ನಾಗಿ ಹೊಗೆ ಬರ್ತಿದೆ ಅಂದೆ.

"ಎಂಥ ಚಂದ ಮಾರಾಯ? ಹಸಿ ಸೌದೆ ಹಾಕಿದ್ದೀಯ. ಗಾಳಿನೂ ಕಟ್ಟಿದ್ದೀಯ. ಅದು ಉರೀತಾ ಇಲ್ಲ, ಉಸಿರು ಕಟ್ಟಿ ಒದ್ದಾಡ್ತಾ ಉಂಟು."

ನಾನು ಅಲ್ಲಿವರೆಗೆ ನೋಡಿದ್ದ ಅಷ್ಟೂ ವಿಡಿಯೋಗಳ ಸಾರ ಆ ಒಂದು ಮಾತಿನಲ್ಲಿತ್ತು. ಕಟ್ಟಿಗೆಗೆ ಸಾಕಷ್ಟು ಆಮ್ಲಜನಕ ಸಿಗದಿದ್ದರೆ ಅದು ಅರೆಬರೆ ಉರಿದು ಬಿಳಿ ಹೊಗೆ ಬಿಡ್ತದೆ. ಅದರಲ್ಲಿ ನೀರಿನ ಹಬೆ, ಮಸಿ, ಟಾರ್ ಎಲ್ಲ ತುಂಬಿರ್ತದೆ. ಅದು ಮಾಂಸಕ್ಕೆ ಅಂಟಿದರೆ ಬೂದಿಯ ಕಹಿ. ಬೇಕಾದ್ದು ತೆಳು ಹೊಗೆ, ಆಕಾಶದ ಎದುರಿಗೆ ಹಿಡಿದರೆ ಮಾತ್ರ ಸ್ವಲ್ಪ ನೀಲಿಯಾಗಿ ಕಾಣೋದು. ಹೊಗೆ ಕಾಣ್ತಿಲ್ಲವಲ್ಲ ಅಂತ ಗಾಬರಿ ಬೀಳೋದು ಬೇಡ, ಕಾಣದಿದ್ದಷ್ಟೂ ಒಳ್ಳೆಯದು. ನಾನು ಮಾಡಿದ್ದು ತದ್ವಿರುದ್ಧ. ಚಕ್ಕೆಗಳನ್ನು ಒಂದು ಗಂಟೆ ನೀರಲ್ಲಿ ನೆನೆಸಿದ್ದೆ, ಹೊಗೆ ಜಾಸ್ತಿ ಬರಲಿ ಅಂತ ಮೇಲಿನ ಕಿಂಡಿ ಮುಚ್ಚಿದ್ದೆ. ಮೇಲಿನ ಕಿಂಡಿಯನ್ನು ಯಾವತ್ತೂ ಮುಚ್ಚಬಾರದು. ಶಾಖ ಹೆಚ್ಚು ಕಮ್ಮಿ ಮಾಡೋದೇನಿದ್ದರೂ ಕೆಳಗಿನ ಕಿಂಡಿಯಲ್ಲಿ.

ಅಮ್ಮ ಇದನ್ನು ಎಲ್ಲೂ ಓದಿ ಹೇಳಿದ್ದಲ್ಲ. ಮದುವೆಯಾಗಿ ಬಂದ ಲಾಗಾಯ್ತು ಊದುಕೊಳವೆ ಹಿಡಿದು ಆ ಒಲೆ ಊದಿದ್ದಾಳೆ. ಮಳೆಗಾಲದಲ್ಲಿ ಸೌದೆ ಹಸಿ, ಗೋಡೆ ಹಸಿ, ಹೊಗೆ ಮೇಲೆ ಹೋಗೋದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಮೆಣಸು ಮಾರಿದ ದುಡ್ಡನ್ನು ಅಪ್ಪ ಬೇರೆ ಯಾವುದಕ್ಕೋ ಇಟ್ಟಿದ್ದರು. ಅಮ್ಮ ಹಟ ಹಿಡಿದು ಅದರಲ್ಲಿ ಗ್ಯಾಸ್ ಕನೆಕ್ಷನ್ ತರಿಸಿದಳು. ಅವಳು ಅಪ್ಪನ ಎದುರು ದನಿ ಎತ್ತಿದ್ದು ನನಗೆ ನೆನಪಿರೋ ಹಾಗೆ ಅದೊಂದೇ ಸಲ. ಆದರೂ ತಡ ಆಗಿತ್ತು. ನಾಲ್ಕು ವರ್ಷದ ಹಿಂದೆ ಮೆಟ್ಟಿಲು ಹತ್ತಿದರೆ ಏದುಸಿರು ಬರ್ತದೆ ಅಂತ ಬೆಂಗಳೂರಿಗೆ ಕರ್ಕೊಂಡು ಬಂದು ತೋರಿಸಿದಾಗ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಸೌದೆ ಒಲೆ ಇತ್ತಾ?" ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಸಿಒಪಿಡಿ ಬರೋಕೆ ನಮ್ಮ ದೇಶದಲ್ಲಿ ದೊಡ್ಡ ಕಾರಣ ಅಡುಗೆಮನೆಯ ಹೊಗೆ ಅಂತ ಅವತ್ತು ಗೊತ್ತಾಯ್ತು. ಈಗ ಬೆಳಗ್ಗೆ ಸಂಜೆ ಇನ್ಹೇಲರ್. ಹೊಗೆ ಇರೋ ಕಡೆ ಹೋಗಲೇಬಾರದು ಅನ್ನೋದು ಡಾಕ್ಟರ ಕಟ್ಟಪ್ಪಣೆ.

ಅಂಥವಳ ಮಗ ನಾನು, ದುಡ್ಡು ಕೊಟ್ಟು ಹೊಗೆ ಮಾಡ್ತಾ ಇದ್ದೆ. ಫೋನ್ ಇಟ್ಟ ಮೇಲೆ ಗ್ರಿಲ್ ಮಾರಿಬಿಡೋಣ ಅಂತ ಹೆಂಡತಿಗೆ ಹೇಳಿದೆ. ಅವಳು "ಅಮ್ಮನ್ನ ಕೇಳಿದ್ಯಾ?" ಅಂದಳು. ಕೇಳಿರಲಿಲ್ಲ. ಕೇಳಿದಾಗ ಅಮ್ಮ ಎರಡೇ ಮಾತು ಹೇಳಿದ್ದು: "ಹೊಗೆ ಬೇಕಾದ್ರೆ ಮಾಂಸಕ್ಕೆ ಕೊಡು. ನಿನ್ನ ಮೂಗಿಗೆ ಬೇಡ." ಅದಾದ ಮೇಲೆ, "ಚೆಕಪ್‌ಗೆ ಬಂದಾಗ ನಂಗೂ ಮಾಡಿಕೊಡು, ತಿಂದು ನೋಡ್ತೀನಿ" ಅಂತ ಸೇರಿಸಿದಳು.

ಚೆಕಪ್‌ಗೆ ಒಂದೂವರೆ ತಿಂಗಳಿತ್ತು.

ಗುಲಾಬಿ ಬಣ್ಣದ ಗುಟ್ಟು

ಮೊದಲು ಆ ರಾತ್ರಿಯ ಪೋಸ್ಟ್‌ಮಾರ್ಟಂ ಆಗಬೇಕಿತ್ತು. ಗುಲಾಬಿ ಬಣ್ಣಕ್ಕೆ ಎರಡು ಕಾರಣ ಸಿಕ್ಕವು, ಎರಡಕ್ಕೂ ಬೇಯದೆ ಇರೋದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಚರ್ಮದ ಕೆಳಗಿನ ಗುಲಾಬಿ ಹೊಗೆಯದ್ದು. ಕಟ್ಟಿಗೆ ಉರಿದಾಗ ಬರೋ ನೈಟ್ರಿಕ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿದರೆ ಆ ಬಣ್ಣ ಬೆಂದ ಮೇಲೂ ಹೋಗೋದಿಲ್ಲ. ಮೂಳೆ ಹತ್ತಿರದ ಕೆಂಪು ಬೇರೆ. ಅಂಗಡಿಯ ಬ್ರಾಯ್ಲರ್ ಕೋಳಿಗೆ ಐದಾರು ವಾರ ವಯಸ್ಸು, ಎಳೇ ಮೂಳೆ. ಒಳಗಿನ ಮಜ್ಜೆಯ ಬಣ್ಣ ಬೇಯುವಾಗ ಹೊರಗೆ ಜಿನುಗ್ತದೆ. ಹಾಗಾಗಿ ಬಣ್ಣ ನೋಡಿ ಬೆಂದಿದೆ ಅಂತಲೂ ಹೇಳೋಕಾಗಲ್ಲ, ಬೆಂದಿಲ್ಲ ಅಂತಲೂ ಹೇಳೋಕಾಗಲ್ಲ. ನಂಬಬೇಕಾದ್ದು ಥರ್ಮಾಮೀಟರ್ ಒಂದನ್ನೇ. ಕೋಳಿ ಒಳಗೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಇದು ಅಮೆರಿಕದ ಕೃಷಿ ಇಲಾಖೆಯ ಮಾನದಂಡ. ನಾನು ಆ ರಾತ್ರಿ ಅಳೆದೇ ಇರಲಿಲ್ಲ, ಮುಚ್ಚಳಕ್ಕೆ ಅಂಟಿಸಿದ್ದ ಮುಳ್ಳು ನೋಡಿಕೊಂಡಿದ್ದೆ. ಅದು ತೋರಿಸೋದು ಮುಚ್ಚಳದ ತಲೆಯ ಶಾಖವನ್ನು, ಜಾಲರಿ ಮೇಲಿನ ಕೋಳಿಯದ್ದನ್ನಲ್ಲ.

ಇಲ್ಲಿ ನನ್ನ ಕಸುಬು ಸ್ವಲ್ಪ ಕೆಲಸಕ್ಕೆ ಬಂತು. ಒಂದು ಕೆ-ಟೈಪ್ ಥರ್ಮೋಕಪಲ್, ಮ್ಯಾಕ್ಸ್ 6675 ಬೋರ್ಡ್, ಮನೇಲಿ ಬಿದ್ದಿದ್ದ ಇಎಸ್‌ಪಿ32 ಸೇರಿಸಿ ಜಾಲರಿಯ ಶಾಖ ಫೋನಿಗೆ ಬರೋ ಹಾಗೆ ಮಾಡಿದೆ. ಗ್ರಾಫ್ ನೋಡಿದರೆ ಎದೆ ಒಡೀತು. ಮುಚ್ಚಳದ ಮುಳ್ಳು 120 ಅನ್ನುವಾಗ ಜಾಲರಿಯ ತಣ್ಣಗಿನ ಮೂಲೆ ಎಷ್ಟೋ ಸಲ 95 ಕೂಡ ಇರಲಿಲ್ಲ. ಇದೆಲ್ಲ ನೀವು ಮಾಡಬೇಕಿಲ್ಲ. ಮಾಂಸಕ್ಕೆ ಚುಚ್ಚೋ ಸಾದಾ ಡಿಜಿಟಲ್ ಥರ್ಮಾಮೀಟರ್ ಐದಾರು ನೂರು ರೂಪಾಯಿಗೆ ಸಿಗ್ತದೆ. ಗ್ರಿಲ್‌ಗಿಂತ ಮೊದಲು ಅದನ್ನು ತಗೊಳ್ಳಿ ಅಂತಲೇ ಹೇಳ್ತೀನಿ. ರೆಕ್ಕೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಬೇಕು. ಮೂಳೆ ತಾಗಿದರೆ ತಪ್ಪು ಅಂಕಿ ಬರ್ತದೆ.

ರಬ್ಬರ್ ಚರ್ಮದ ಲೆಕ್ಕ ಬೇರೆ. ರೆಕ್ಕೆ ಅಂದರೆ ಮಾಂಸ ಕಮ್ಮಿ, ಚರ್ಮ ಜಾಸ್ತಿ. ಆ ಚರ್ಮದ ತುಂಬ ನೀರು, ಕೊಬ್ಬು, ಕೊಲಾಜೆನ್. ದನದ ಎದೆಭಾಗದಂಥ ದೊಡ್ಡ ತುಂಡಿಗೆ ಹತ್ತು ಹನ್ನೆರಡು ಗಂಟೆ 110 ಡಿಗ್ರಿಯ ಹೊಗೆ ಸರಿ. ರೆಕ್ಕೆಗೆ ಕೊನೆವರೆಗೂ ಅಷ್ಟೇ ಶಾಖ ಕೊಟ್ಟರೆ ಕೊಬ್ಬು ಪೂರ್ತಿ ಕರಗಲ್ಲ, ಚರ್ಮ ಒಣಗಲ್ಲ, ಬಲೂನ್ ಆಗ್ತದೆ. ಹೊಗೆಗೆ ಕಮ್ಮಿ ಶಾಖ, ಚರ್ಮಕ್ಕೆ ಜಾಸ್ತಿ ಶಾಖ. ಎರಡೂ ಒಟ್ಟಿಗೆ ಸಿಗಲ್ಲ, ಒಂದಾದ ಮೇಲೊಂದು ಕೊಡಬೇಕು. ಇನ್ನೊಂದು ವಿಷಯ, ರೆಕ್ಕೆಗೆ 74 ಸುರಕ್ಷಿತ ಹೌದು, ಆದರೆ ರುಚಿ ಬರೋದು 85-90ರ ಹತ್ತಿರ. ಅಷ್ಟು ಹೊತ್ತಿಗೆ ಕೀಲಿನ ಸುತ್ತ ಇರೋ ಅಂಟುಮಾಂಸ ಕರಗಿ ಮೂಳೆ ಬಿಟ್ಟು ಬರ್ತದೆ. ಎದೆಮಾಂಸ ಆ ಶಾಖಕ್ಕೆ ಹತ್ತಿ ಆಗಿಬಿಡ್ತಿತ್ತು, ರೆಕ್ಕೆ ತಡ್ಕೊಳ್ತದೆ. ಹೊಸಬರಿಗೆ ರೆಕ್ಕೆ ಒಳ್ಳೆಯದು ಅನ್ನೋದು ಇದಕ್ಕೇ.

ಸಾಮಾನು ಸರಂಜಾಮು

ಬೆಂಗಳೂರಿನ ಕೋಳಿ ಅಂಗಡಿಯಲ್ಲಿ ಬಾಯಿ ತೆರೆಯೋದರೊಳಗೆ ಚರ್ಮ ಸುಲಿದಿರ್ತಾರೆ. ಹಾಗಾಗಿ "ಸ್ಕಿನ್ ಜೊತೆ" ಅಂತ ಮೊದಲೇ ಹೇಳಿ, ಸಾಧ್ಯವಾದರೆ ಹಿಂದಿನ ದಿನವೇ. ಪುಕ್ಕದ ಬುಡ ಉಳಿದಿದ್ದರೆ ಗ್ಯಾಸ್ ಉರಿಯಲ್ಲಿ ಒಂದು ಸಲ ಆಡಿಸಿದರೆ ಆಯ್ತು. ಪ್ರತಿ ರೆಕ್ಕೆಗೆ ಮೂರು ಭಾಗ. ಭುಜದ ಹತ್ತಿರದ ಪುಟ್ಟ ಕಾಲಿನಂಥದ್ದು, ಎರಡು ಮೂಳೆಯ ಚಪ್ಪಟೆ ತುಂಡು, ಮಾಂಸವೇ ಇಲ್ಲದ ತುದಿ. ತುದಿ ಕತ್ತರಿಸಿ ಫ್ರೀಜರಿಗೆ ಹಾಕಿ, ಸಾರಿಗೆ ಬೇಕಾಗ್ತದೆ.

ಇದ್ದಿಲು ಎಲ್ಲಿ ಅಂತ ಆನ್‌ಲೈನ್‌ನಲ್ಲಿ ಹುಡುಕಿ ದುಬಾರಿ ಪೊಟ್ಟಣ ತರಿಸ್ತಿದ್ದೆ. ಒಂದು ದಿನ ಬಟ್ಟೆ ಕೊಡೋಕೆ ಹೋದಾಗ ಬೀದಿ ಕೊನೆಯ ಇಸ್ತ್ರಿ ಅಂಗಡಿಯವರ ಗೋಣಿಚೀಲ ಕಣ್ಣಿಗೆ ಬಿತ್ತು. ಈಗ ಅವರು ಚೀಲ ತರಿಸುವಾಗ ನನಗೂ ಎರಡು ಕೆ.ಜಿ. ಎತ್ತಿಡ್ತಾರೆ. ತೆಂಗಿನಚಿಪ್ಪಿನ ಇದ್ದಿಲಾದರೂ ಆಗ್ತದೆ, ಶಾಖ ಚೆನ್ನಾಗಿ ನಿಲ್ತದೆ. ಹೊತ್ತಿಸೋಕೆ ಸೀಮೆಎಣ್ಣೆ ಪೆಟ್ರೋಲು ದಯವಿಟ್ಟು ಬೇಡ, ಆ ವಾಸನೆ ಮಾಂಸಕ್ಕೆ ಬರ್ತದೆ. ಹಳೇ ಎಣ್ಣೆ ಡಬ್ಬಿಯ ಎರಡೂ ಕಡೆ ತೆಗೆದು, ಬುಡದಲ್ಲಿ ತೂತು ಕೊರೆದು, ಅಡಿಗೆ ಪೇಪರ್, ಮೇಲೆ ಇದ್ದಿಲು ತುಂಬಿ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಮೇಲಿನವರೆಗೂ ಬೂದಿ ಹಿಡಿದು ಕೆಂಪಾಗ್ತದೆ. ಸತು ಲೇಪ ಇರೋ ಬಕೆಟ್ ಮಾತ್ರ ಬಳಸಬೇಡಿ, ಕಾದಾಗ ಬರೋ ಹೊಗೆ ವಿಷ.

ಕಟ್ಟಿಗೆಗೆ ನನಗೆ ಊರೇ ಆಸರೆ. ಚಿಕ್ಕಪ್ಪನ ತೋಟದಲ್ಲಿ ಕಾಫಿ ಗಿಡ ಸವರಿದಾಗ ಬಿದ್ದ ಕೊಂಬೆಗಳನ್ನು ವರ್ಷ ಒಣಗಿಸಿ ಗೇಣುದ್ದ ಕತ್ತರಿಸಿ ಕೊಟ್ಟಿದ್ದಾರೆ. ಗಟ್ಟಿ ಮರ, ಹಿತವಾದ ಹೊಗೆ. ಮಾವು, ಸೀಬೆಯೂ ಚೆನ್ನ. ನೀಲಗಿರಿ, ಪೈನ್ ಬೇಡ, ಎಣ್ಣೆ ಮತ್ತು ಅಂಟಿನಿಂದ ಕಹಿ ಆಗ್ತದೆ. ಕಣಗಿಲೆ ಕಡ್ಡಿ ತಪ್ಪಿಯೂ ಬೇಡ, ಅದು ವಿಷ. ಪ್ಲೈವುಡ್, ಬಣ್ಣ ಹಚ್ಚಿದ್ದು, ಪಾರ್ಸೆಲ್ ಬರೋ ಪೆಟ್ಟಿಗೆ ಹಲಗೆ, ಇವೂ ಬೇಡ. ಎರಡು ಕೆ.ಜಿ. ರೆಕ್ಕೆಗೆ ಹೆಬ್ಬೆರಳು ದಪ್ಪದ ನಾಲ್ಕೇ ನಾಲ್ಕು ತುಂಡು ಸಾಕು. ಇದ್ದಿಲು ಶಾಖಕ್ಕೆ, ಕಟ್ಟಿಗೆ ಘಮಕ್ಕೆ. ನೆನೆಸೋದು ಬೇಡ.

ಫ್ಲ್ಯಾಟ್‌ನಲ್ಲಿ ಇರೋರಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಗಾಜು ಮುಚ್ಚಿದ ಬಾಲ್ಕನಿಯಲ್ಲಿ, ಯುಟಿಲಿಟಿಯಲ್ಲಿ ಇದ್ದಿಲು ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಗೆ ಕೆಂಡ ಒಳಗಿಟ್ಟು ಮಲಗಿದವರು ಏಳದೇ ಹೋದ ಸುದ್ದಿ ಪ್ರತಿ ವರ್ಷ ಓದ್ತೀವಿ. ಅಂಥ ಮನೆಯವರಿಗೆ ಉತ್ತರ ಭಾರತದ ಧುಂಗಾರ್ ಇದೆ. ಓವನ್‌ನಲ್ಲೋ ಏರ್‌ಫ್ರೈಯರ್‌ನಲ್ಲೋ ರೆಕ್ಕೆ ಬೇಯಿಸಿ, ಪಾತ್ರೆಯ ಮಧ್ಯೆ ಬಟ್ಟಲಲ್ಲಿ ಒಂದೇ ಒಂದು ಕೆಂಡ ಇಟ್ಟು, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡೋದು. ಕಿಟಕಿ ತೆರೆದಿರಲಿ. ನಿಜವಾದ ಹೊಗೆಯ ಆಳ ಸಿಗಲ್ಲ, ಆದರೆ ಮೋಸವೂ ಅಲ್ಲ.

ಇನ್ನು ಟೆರೇಸ್ ಇರೋರು ಅಕ್ಕಪಕ್ಕದ ಬಟ್ಟೆ ಹಗ್ಗ ನೋಡ್ಕೊಂಡು ಒಲೆ ಹಚ್ಚಿ. ಎರಡನೇ ಸಲ ನಾನು ಹಚ್ಚಿದಾಗ ಪಕ್ಕದ ಮನೆ ಆಂಟಿಯ ಆರು ರೇಷ್ಮೆ ಸೀರೆ ಗಾಳಿಗೆ ಹಾಕಿದ್ದವು. ಆ ಕಥೆ ಇನ್ನೊಮ್ಮೆ ಹೇಳ್ತೀನಿ.

ಮಾಡೋ ಬಗೆ

ಮೂರು ಶನಿವಾರ ನಾನು, ಹೆಂಡತಿ ಇಬ್ಬರೇ ತಿಂದು ಪರೀಕ್ಷೆ ಮಾಡಿ ನಿಂತ ಲೆಕ್ಕ ಇದು. ಒಂದು ಕೆ.ಜಿ. ರೆಕ್ಕೆಗೆ ಎರಡು ಚಮಚ ಉಪ್ಪು, ಎರಡು ಚಮಚ ಬೇಕಿಂಗ್ ಪೌಡರ್, ಒಂದು ಚಮಚ ಕಾಳುಮೆಣಸಿನ ಪುಡಿ, ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ. ಇಲ್ಲಿ ಚಮಚ ಅಂದರೆ ಟೀ ಚಮಚ. ಬೇಕಿಂಗ್ ಪೌಡರ್, ಅಡುಗೆ ಸೋಡಾ ಅಲ್ಲ. ಸೋಡಾ ಹಾಕಿದರೆ ಸೋಪು ನೆಕ್ಕಿದ ಹಾಗಿರ್ತದೆ, ನೆಕ್ಕಿ ನೋಡಿದ್ದೀನಿ. ಬೇಕಿಂಗ್ ಪೌಡರ್ ಚರ್ಮವನ್ನು ಸ್ವಲ್ಪ ಕ್ಷಾರೀಯ ಮಾಡ್ತದೆ, ಅದರಿಂದ ಬೇಗ ಕಂದು ಬರ್ತದೆ, ಗರಿಗರಿ ಆಗ್ತದೆ. ಓವನ್ ರೆಕ್ಕೆಗೆ ಈ ಉಪಾಯವನ್ನು ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ಅಡುಗೆ ಲೇಖಕ ಕೆಂಜಿ ಲೋಪೆಜ್-ಆಲ್ಟ್. ನಾನು ಹೊಗೆಗೂ ಹಾಕಿ ನೋಡಿದೆ, ಕೆಲಸ ಮಾಡ್ತು. ಸಕ್ಕರೆ ಬೆಲ್ಲ ಈಗಲೇ ಬೇಡ, ಕೊನೆಯ ಜೋರು ಶಾಖಕ್ಕೆ ಕರಕಲಾಗ್ತದೆ.

ಬಟ್ಟೆಯಿಂದಲೋ ಟಿಶ್ಯೂನಿಂದಲೋ ರೆಕ್ಕೆಯನ್ನು ಚೆನ್ನಾಗಿ ಒರೆಸಿ, ಪುಡಿ ಸವರಿ, ಜಾಲರಿ ಮೇಲೆ ಹರಡಿ, ಮುಚ್ಚದೆ ಫ್ರಿಜ್‌ನ ಕೆಳಗಿನ ತಟ್ಟೆಯಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ ಮುಟ್ಟಿದರೆ ಚರ್ಮ ಕಾಗದದ ಹಾಗೆ ಒಣಗಿರಬೇಕು. ಎಲ್ಲಕ್ಕಿಂತ ಮುಖ್ಯ ಹಂತ ಇದೇ, ಆದರೂ ಎಲ್ಲರೂ ಬಿಡೋದು ಇದನ್ನೇ.

ಗ್ರಿಲ್‌ನ ಒಂದು ಬದಿಗೆ ಮಾತ್ರ ಕೆಂಡ. ಇನ್ನೊಂದು ಬದಿಯಲ್ಲಿ ಕೆಳಗೊಂದು ತಟ್ಟೆ, ಅದರ ಮೇಲಿನ ಜಾಲರಿಯಲ್ಲಿ ರೆಕ್ಕೆ. ಮುಚ್ಚಳದ ಕಿಂಡಿ ರೆಕ್ಕೆಯ ಮೇಲೆ ಬರಲಿ, ಹೊಗೆ ಅದರ ಮೇಲೆ ಹಾದೇ ಹೊರಗೆ ಹೋಗಬೇಕು. ತಟ್ಟೆ ಕಸರತ್ತಿಗೆ ಇಟ್ಟದ್ದಲ್ಲ. ಕೊಬ್ಬು ನೇರ ಕೆಂಡಕ್ಕೆ ಬಿದ್ದರೆ ಏಳೋ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ಕ್ಯಾನ್ಸರ್‌ಕಾರಕಗಳು ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು, ಹೊಗೆ ಹಿಡಿಸೋದೂ ಆ ಸಂಸ್ಕರಣೆಗಳಲ್ಲಿ ಒಂದು. ಆದ್ದರಿಂದ ನಮ್ಮನೆಯಲ್ಲಿ ಇದು ವಾರದ ಅಡುಗೆ ಅಲ್ಲ, ಎರಡು ತಿಂಗಳಿಗೊಂದು ಹಬ್ಬ.

ಮೊದಲ ನಲವತ್ತೈದು ನಿಮಿಷ 120 ಡಿಗ್ರಿ. ಕೆಳಗಿನ ಕಿಂಡಿ ಅರ್ಧಕ್ಕೂ ಕಮ್ಮಿ ತೆರೆದಿರಲಿ, ಕಟ್ಟಿಗೆ ತುಂಡು ಎರಡೆರಡಾಗಿ. ಪದೇಪದೇ ಮುಚ್ಚಳ ತೆಗೆದು ಇಣುಕಬೇಡಿ, ತೆಗೆದಾಗೊಮ್ಮೆ ಶಾಖ ಬೀಳ್ತದೆ. ಆಮೇಲೆ ಡಬ್ಬಿಯಲ್ಲಿ ಹೊಸದಾಗಿ ಕೆಂಪಾದ ಇದ್ದಿಲು ಸೇರಿಸಿ, ಕೆಳಗಿನ ಕಿಂಡಿ ಪೂರ್ತಿ ತೆಗೆದು 190-200ಕ್ಕೆ ಏರಿಸಿ. ಇನ್ನೊಂದು ಇಪ್ಪತ್ತು ಇಪ್ಪತ್ತೈದು ನಿಮಿಷ, ಮಧ್ಯೆ ಒಮ್ಮೆ ಮಗುಚಿ. ಚರ್ಮ ಸಣ್ಣಗೆ ಚಟಪಟ ಅನ್ನೋಕೆ ಶುರುವಾಗ್ತದೆ. ಥರ್ಮಾಮೀಟರ್ ಚುಚ್ಚಿ ಒಂದೊಂದನ್ನೂ ನೋಡಿ. ಹಸಿ ಕೋಳಿ ಮುಟ್ಟಿದ ಇಕ್ಕಳ, ತಟ್ಟೆ ಬೆಂದದ್ದಕ್ಕೆ ಬೇಡ. ಮುಗಿದ ಮೇಲೆ ಎರಡೂ ಕಿಂಡಿ ಮುಚ್ಚಿ, ಬೂದಿ ಬೆಳಗ್ಗೆವರೆಗೂ ಟೆರೇಸಿನಲ್ಲೇ ಇರಲಿ.

ರಾಜಾಜಿನಗರಕ್ಕೆ ಹೋದ ಅಮ್ಮ

ಚೆಕಪ್‌ಗೆ ಬಂದ ಅಮ್ಮ ಮೊದಲು ಮಾಡಿದ ಕೆಲಸ ರೆಕ್ಕೆ ತೊಳೆದದ್ದು. ಹಸಿ ಕೋಳಿ ತೊಳೀಬಾರದು, ನೀರು ಸಿಡಿದು ಬ್ಯಾಕ್ಟೀರಿಯಾ ಅಡುಗೆಮನೆಗೆಲ್ಲ ಹರಡ್ತದೆ ಅಂತ ಹೇಳಿದೆ. ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆಯದ ಕೋಳಿಯನ್ನು ತಿನ್ನೋದಕ್ಕಿಂತ ಉಪವಾಸ ವಾಸಿ ಅಂದಳು. ಕೊನೆಗೆ ಪಾತ್ರೆಯೊಳಗೆ, ನಲ್ಲಿ ಸಣ್ಣಗೆ ಬಿಟ್ಟು ತೊಳೆಯೋದು, ಆಮೇಲೆ ಸಿಂಕ್ ಉಜ್ಜೋದು ನಾನು ಅಂತ ರಾಜಿ ಆಯ್ತು. ಅರಿಶಿನದಿಂದ ಬಣ್ಣ ಇನ್ನೂ ಚೆನ್ನಾಗಿ ಬಂತು ಅಂತ ಒಪ್ಪಿಕೊಳ್ತೀನಿ.

ಭಾನುವಾರ ಬೆಳಗ್ಗೆ ಹೆಂಡತಿ ಅಮ್ಮನನ್ನು ರಾಜಾಜಿನಗರದ ಚಿಕ್ಕಮ್ಮನ ಮನೆಗೆ ಕರ್ಕೊಂಡು ಹೋದಳು. ಅಮ್ಮನಿಗೆ ಯಾಕೆ ಅಂತ ಹೇಳಿರಲಿಲ್ಲ, ಅವಳೂ ಕೇಳಲಿಲ್ಲ. ನಾನು ಮಧ್ಯಾಹ್ನ ಒಂದೂವರೆಗೆ ಹಚ್ಚಿ, ಮೂರೂವರೆಗೆ ಮುಗಿಸಿ, ಕಿಂಡಿ ಮುಚ್ಚಿ, ತಲೆಗೆ ಸ್ನಾನ ಮಾಡಿ, ಬಟ್ಟೆ ಮಷಿನ್‌ಗೆ ಹಾಕಿದೆ. ಅವರು ಬಂದದ್ದು ಆರಕ್ಕೆ. ಟೆರೇಸಿನ ಬಾಗಿಲಿಗೆ ಚಿಲಕ. ರೆಕ್ಕೆಗಳನ್ನು ಫ್ರಿಜ್‌ನಿಂದ ತೆಗೆದು ಓವನ್‌ನಲ್ಲಿ ಮತ್ತೆ ಗರಿಗರಿ ಮಾಡಿದೆ. ಡಿಕೇಟರ್ ನೆನಪಿಗೆ ಬಿಳಿ ಸಾಸ್, ವಿನೆಗರ್ ಬದಲು ಅಮ್ಮ ತಂದಿದ್ದ ಉಪ್ಪಾಗೆಯನ್ನು ನೆನೆಸಿ ಕುದಿಸಿದ ಗಟ್ಟಿ ರಸ.

ಅಮ್ಮ ಸಾಸ್ ಒಂದು ಬೆರಳು ನೆಕ್ಕಿ, "ಮಜ್ಜಿಗೆಹುಳಿ ಒಡೆದ ಹಂಗೆ ಉಂಟು" ಅಂತ ಪಕ್ಕಕ್ಕೆ ಸರಿಸಿದಳು. ರೆಕ್ಕೆ ಕಚ್ಚಿದಳು. ಚರ್ಮ ಕರ್ರ್ ಅಂತು. ಒಳಗೆ ನೋಡಿದಳು, ಗುಲಾಬಿ. ನನ್ನ ಮುಖ ನೋಡಿದಳು.

"ಬೆಂದಿದೆ ಅಮ್ಮ. 88 ಡಿಗ್ರಿ. ಎಲ್ಲಾನೂ ಚುಚ್ಚಿ ನೋಡಿದ್ದೀನಿ."

"ನಾನೆಂತ ಬೆಂದಿಲ್ಲ ಅಂದ್ನಾ? ನಮ್ಮಮ್ಮನ ಅಟ್ಟದಲ್ಲಿ ಇಟ್ಟಿದ್ದೂ ಹಿಂಗೇ ಇರ್ತಿತ್ತು."

ನಾಲ್ಕು ರೆಕ್ಕೆ ತಿಂದಳು. ನಮ್ಮನೆಯಲ್ಲಿ ಕೋಳಿ ಕಡಿದ ದಿನ ತೊಡೆ ಅಪ್ಪನಿಗೆ, ಕಾಲು ನಮಗಿಬ್ಬರಿಗೆ, ರೆಕ್ಕೆ ಕುತ್ತಿಗೆ ಅಮ್ಮನಿಗೆ. ರೆಕ್ಕೆಯನ್ನು ಎಲ್ಲಿ ಮುರಿಯಬೇಕು, ಯಾವ ಮೂಳೆ ಮೊದಲು ಎಳೆಯಬೇಕು ಅನ್ನೋದು ಅವಳ ಕೈಗೆ ಗೊತ್ತು. ಚಪ್ಪಟೆ ತುಂಡಿನ ಸಣ್ಣ ಮೂಳೆಯನ್ನು ತಿರುಚಿ ಎಳೆದು, ದೊಡ್ಡದನ್ನು ಹಿಡ್ಕೊಂಡು ಒಂದೇ ಎಳೆತಕ್ಕೆ ಮಾಂಸ ಬಿಡಿಸ್ತಾಳೆ. ಹೆಂಡತಿ ಅದನ್ನು ನೋಡಿ ಕಲಿತಳು. ಊಟ ಆದ ಮೇಲೆ ಅಮ್ಮ ಯಾವಾಗಿನ ಹಾಗೆ ಇನ್ಹೇಲರ್ ಎಳೆದು, ಬಾಯಿ ಮುಕ್ಕಳಿಸಿ ಮಲಗಿದಳು. ರಾತ್ರಿ ಎರಡು ಸಲ ಎದ್ದು ಹೋಗಿ ಅವಳ ಕೋಣೆ ಬಾಗಿಲಲ್ಲಿ ಕಿವಿಗೊಟ್ಟೆ. ಉಸಿರಾಟ ಮಾಮೂಲಿನಂತೇ ಇತ್ತು.

ಬೆಳಗ್ಗೆ ಏಳುವಾಗ ಅಡುಗೆಮನೆಯಿಂದ ಕುಕ್ಕರ್ ಸದ್ದು. ಫ್ರೀಜರಿನಲ್ಲಿದ್ದ ರೆಕ್ಕೆ ತುದಿಗಳ ಜೊತೆ, ಉಳಿದಿದ್ದ ಮೂರು ಹೊಗೆ ರೆಕ್ಕೆಗಳನ್ನೂ ಹಾಕಿ, ಶುಂಠಿ ಬೆಳ್ಳುಳ್ಳಿ ಜಜ್ಜಿ, ಮೆಣಸು ಜೀರಿಗೆ ಹುರಿದು ಪುಡಿ ಮಾಡಿ ತೆಳ್ಳಗೆ ಸಾರು ಮಾಡಿದ್ದಳು. ಒಂದು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಇಷ್ಟು ತಿಂಗಳಿಂದ ನಾನು ಹುಡುಕ್ತಾ ಇದ್ದ ವಾಸನೆ ಆ ಲೋಟದಲ್ಲಿತ್ತು.

"ಮುಂದಿನ ಸಲ ಕುತ್ತಿಗೆನೂ ಹೊಗೆಗೆ ಹಾಕು. ಸಾರಿಗೆ ಅದೇ ಸರಿ" ಅಂದಳು. ಎಂಟೂವರೆಗೆ ಆಸ್ಪತ್ರೆಯಲ್ಲಿ ಟೋಕನ್ ಇತ್ತು, ಹೊರಟೆವು.